ಬೀರುವಿನಲ್ಲಿಟ್ಟ ಹೊಸ ಶೂ

“ಓಟದ ಪರೀಕ್ಷೆ ನಿಮ್ಮ ಬೀರುವಿಗಾ ಟೈಲರಣ್ಣ, ಹೊಸ ಶೂನ ಅದರೊಳಗೆ ಇಟ್ಟಿದ್ದೀರಲ್ಲ?”

ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತು ಹೀಗೆ ಕೇಳಿದವಳು ಆಸ್ಪತ್ರೆಯ ಫಿಸಿಯೋ ಮೇಡಂ. ಕೋಟಿನ ಕಿತ್ತುಹೋದ ಗುಂಡಿ ಹಾಕಿಸಲು ಬಂದವಳಿಗೆ ಅರೆತೆರೆದ ಬೀರುವಿನಲ್ಲಿ ಹೊಸ ಶೂ ಡಬ್ಬಿ ಕಂಡಿತ್ತು. ದರ್ಜಿ ಮಿಷನ್ನಿನಿಂದ ತಲೆ ಎತ್ತಲಿಲ್ಲ.

“ಪರೀಕ್ಷೆ ದಿನ ಚಿಕ್ಕ ಮಗಳು ಹಾಕ್ಕೊಳ್ತಾಳೆ ಮೇಡಂ. ಈಗಲೇ ಸವೆಸಿಬಿಟ್ರೆ ಆವತ್ತಿಗೆ ಏನುಳಿಯುತ್ತೆ?”

ಅಗ್ನಿಶಾಮಕ ದಳದ ನೇಮಕಾತಿಯ ಓಟದ ಪರೀಕ್ಷೆಗೆ ಇನ್ನು ಎಂಟು ವಾರ. ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ದೊಡ್ಡ ಮಗಳ ಸೂಜಿ ನಿಂತಿತು. ಎರಡು ವರ್ಷದ ಹಿಂದೆ ಅವಳೂ ಅದೇ ಪರೀಕ್ಷೆಗೆ ಹೋಗಿದ್ದಳು. ಅವಳ ಹೊಸ ಶೂ ಕೂಡ ಆ ಬೆಳಿಗ್ಗೆಯೇ ಬೀರುವಿನಿಂದ ಹೊರಗೆ ಬಂದಿತ್ತು. ಓಟದ ಮೂರನೇ ಸುತ್ತಿನಲ್ಲಿ ಅವಳ ಹಿಮ್ಮಡಿಯ ಹಿಂದಿನ ಸ್ನಾಯುವಿನ ಹುರಿ ಹರಿಯಿತು. ಈಗ ಕುಂಟುತ್ತಾಳೆ; ವಯಸ್ಸಿನ ಮಿತಿಯೂ ದಾಟಿತು. ಕೇಳಿದವರಿಗೆಲ್ಲ ದರ್ಜಿಯದು ಒಂದೇ ಉತ್ತರ: “ಹಣೆಬರಹ.”

ಮೇಡಂ ಬೀರು ತೆಗೆಸಿದಳು. ಹೊಸ್ತಿಲಲ್ಲಿದ್ದ ಚಿಕ್ಕವಳ ಹಳೆಯ ಶೂ ತಂದು ಹೊಸದರ ಪಕ್ಕ ಇಟ್ಟಳು.

“ಹಳೇದರ ಹಿಮ್ಮಡಿ ಎತ್ತರ, ಹೊಸದು ಚಪ್ಪಟೆ. ಹಿಮ್ಮಡಿ ತಗ್ಗಿದ್ರೆ ಮೀನಖಂಡಕ್ಕೆ, ಆ ಹುರಿಗೆ ಎಳೆತ ಜಾಸ್ತಿ. ರೂಢಿ ಇಲ್ದೆ ಒಂದೇ ಸಲ ಜೋರಾಗಿ ಓಡಿದ್ರೆ?”

“ಹಾಗಾದ್ರೆ ದಪ್ಪ, ಮೆತ್ತನೇದು ತರ್ಲಾ? ನೋವೇ ಬರಲ್ಲ ಅಂದ ಅಂಗಡಿಯವನು.”

“ಮಾರೋನು ಇನ್ನೇನಂತಾನೆ? ನೋವು ಬರದ ಶೂ ಯಾವುದೂ ಇಲ್ಲ. ಒಂದು ಕಡೆ ಭಾರ ಇಳಿಸಿದ್ದು ಇನ್ನೊಂದು ಕಡೆ ಹೊರಿಸುತ್ತೆ. ಹಾಕಿದ ಕೂಡಲೇ ಹಿತ ಅನ್ನಿಸ್ಬೇಕು, ಆಮೇಲೆ ಕಾಲು ನಿಧಾನಕ್ಕೆ ಪಳಗ್ಬೇಕು. ನೀವು ಹೊಸ ಹತ್ತಿ ಬಟ್ಟೇನ ನೆನೆಸದೆ ಕತ್ತರಿಸ್ತೀರಾ?”

“ಛೇ, ಕುಗ್ಗಿಹೋಗುತ್ತೆ! ಮೊದಲು ನೆನೆಸಿ, ಒಣಗಿಸಿ, ಆಮೇಲೆ...” ದರ್ಜಿಯ ಮಾತು ಅಲ್ಲೇ ನಿಂತಿತು. ಮೂಲೆಯತ್ತ ನೋಡಿದ. “ಅವಳಿಗೆ ನಾನು ಅದನ್ನೇ ಮಾಡಿದ್ನಾ ಮೇಡಂ?”

“ಶೂ ಒಂದರಿಂದಲೇ ಅಂತ ನಾನು ಹೇಳಲಾರೆ ಅಣ್ಣ.”

ಅಲ್ಲ ಎಂದೂ ಅವಳು ಹೇಳಲಿಲ್ಲ. ದರ್ಜಿ ಹೊಸ ಶೂವನ್ನು ಡಬ್ಬಿಗೆ ಹಾಕಿ ದೊಡ್ಡವಳ ಮಡಿಲಲ್ಲಿಟ್ಟ. “ಇವತ್ತಿಂದಲೇ ತಂಗಿಗೆ ನೀನೇ ಹಾಕಿಸು” ಅಂದ.

ಓಡುವ ಮಕ್ಕಳಿರುವ ಅಪ್ಪ ಅಮ್ಮಂದಿರೇ, ಹೊಸ ಶೂ ಬೀರುವಿನಲ್ಲಿ ಬಚ್ಚಿಡಬೇಡಿ. ಕಾಲು ಸ್ವಲ್ಪ ಊದಿರುವ ಸಂಜೆ ಹೊತ್ತಿನಲ್ಲಿ, ಎರಡೂ ಕಾಲಿಗೆ ಹಾಕಿಸಿ ನೋಡಿಯೇ ಕೊಳ್ಳಿ. ಕಾಲ್ಬೆರಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಮೊದಲು ಹತ್ತು ನಿಮಿಷ ಮೆಲ್ಲಗೆ ಓಡಲಿ. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಲಿ. ಒಂದೇ ಜಾಗದಲ್ಲಿ ನೋವು ಕುಟುಕುತ್ತಿದ್ದರೆ ಓಟ ನಿಲ್ಲಿಸಿ, ಆಸ್ಪತ್ರೆಗೆ ತೋರಿಸಿ. ಹಲ್ಲು ಕಚ್ಚಿ ಓಡು ಎನ್ನಬೇಡಿ. ಹರಿದ ಬಟ್ಟೆಗೆ ತೇಪೆ ಹಾಕಬಹುದು, ಹರಿದ ಕಾಲಿಗೆ ಅಷ್ಟು ಸುಲಭವಲ್ಲ.

ಅಂದು ಸಂಜೆ ದೊಡ್ಡವಳು ಕಷ್ಟಪಟ್ಟು ನೆಲಕ್ಕೆ ಕುಳಿತು ತಂಗಿಗೆ ಹೊಸ ಶೂ ಹಾಕಿ ಲೇಸು ಕಟ್ಟಿದಳು.

“ಹತ್ತೇ ನಿಮಿಷ. ಜಾಸ್ತಿ ಓಡಿದ್ರೆ ಅಟ್ಟಿಸಿಕೊಂಡು ಬರ್ತೀನಿ, ನೋಡು.”

“ನೀನಾ ಅಕ್ಕಾ?” ಅಂದವಳು ನಾಲಿಗೆ ಕಚ್ಚಿಕೊಂಡಳು.

ಅಕ್ಕ ಅವಳ ಮೊಣಕಾಲಿಗೊಂದು ಏಟು ಕೊಟ್ಟಳು. ತಂಗಿ ಬೀದಿಗಿಳಿದಳು. ದರ್ಜಿ ಮಿಷನ್ ನಿಲ್ಲಿಸಿ ಗಡಿಯಾರ ನೋಡುತ್ತ ಕುಳಿತ.