ಎರಕದ ಸ್ಲೈಡು

ಇಟಲಿಯ ನಮ್ಮ ಗಾರ್ದೋನೆ ಊರಿನಲ್ಲಿ ಪಿಸ್ತೂಲಿನ ಕೆಲಸ ಗೊತ್ತಿಲ್ಲದ ಮನೆಯನ್ನು ಹುಡುಕಬೇಕು. ಬೋರ್ತೊಲೊನ ಕಾರ್ಖಾನೆಯಲ್ಲಿ ಆಗ ನಾವು ಹನ್ನೊಂದು ಜನ. ನಳಿಕೆ ಕೊರೆಯುವುದು ನನ್ನ ಕೆಲಸ. ಕೊನೆಯ ತಪಾಸಣೆ ಓರ್ಸೊಲಾಳದು. ಅವಳು ಒಪ್ಪಿ ಮುದ್ರೆ ಒತ್ತದೆ ಒಂದು ಪಿಸ್ತೂಲೂ ಬಾಗಿಲು ದಾಟುತ್ತಿರಲಿಲ್ಲ.

ಎಪ್ಪತ್ನಾಲ್ಕರ ವಸಂತದಲ್ಲಿ ಮಿಲಾನಿನ ವ್ಯಾಪಾರಿ ರವೆಲ್ಲಿ ಬಂದ. "ನಿಮ್ಮ ಪಿಸ್ತೂಲು ಒಂದಕ್ಕೆ ತೊಂಬತ್ತು ಸಾವಿರ ಲಿರಾ. ಐವತ್ತಕ್ಕೆ ಕೊಟ್ರೆ ಎರಡು ಸಾವಿರ ಪಿಸ್ತೂಲು ತಗೋತೀನಿ," ಎನ್ನುತ್ತ ಚೀಲದಿಂದ ಒಂದು ಸ್ಲೈಡು ತೆಗೆದಿಟ್ಟ. ಗುಂಡು ಹಾರಿದಾಗಲೆಲ್ಲ ಹಿಂದಕ್ಕೆ ಜಿಗಿದು ಮುಂದಕ್ಕೆ ಬರುವ ಮೇಲ್ಭಾಗ ಅದು. ನಾವು ಅದನ್ನು ಬಡಿದು ಹದಗೊಳಿಸಿದ ಉಕ್ಕಿನಲ್ಲಿ ಮಾಡಿ, ಒಂದೊಂದನ್ನೂ ಅರದಿಂದ ಉಜ್ಜಿ ಕೂರಿಸುತ್ತಿದ್ದೆವು. ಅವನು ತಂದದ್ದು ಅಚ್ಚಿಗೆ ಲೋಹ ಹೊಯ್ದು ಮಾಡಿದ ಅಗ್ಗದ ಎರಕ; ಇದನ್ನು ಹಾಕಿದರೆ ಬೆಲೆ ಇಳಿಸಬಹುದು ಎಂಬುದು ಅವನ ಲೆಕ್ಕ.

ಬೋರ್ತೊಲೊ ಆಸೆಗೆ ಬಿದ್ದ. ತಪ್ಪೆನ್ನಲಾರೆ; ಆ ವರ್ಷ ಕೆಲಸ ಕಡಿಮೆಯಿತ್ತು.

"ಎರಡೂ ಒಂದೇ ಥರ ಕಾಣ್ತಿಲ್ವೇನಮ್ಮ?" ರವೆಲ್ಲಿ ಓರ್ಸೊಲಾಳನ್ನು ಕೇಳಿದ.

"ಕಾಣೋದಕ್ಕೇನೋ ಹೌದು. ಹೊಡೆದು ನೋಡೋಣ."

ಮೂರು ದಿನ ನೆಲಮಾಳಿಗೆಯಲ್ಲಿ ನಾನೂ ಅವಳೂ ಸರದಿಯ ಮೇಲೆ ನಮ್ಮ ಸ್ಲೈಡಿನದೊಂದು, ಎರಕದ ಸ್ಲೈಡು ಕೂರಿಸಿದ್ದೊಂದು, ಎರಡೂ ಪಿಸ್ತೂಲು ಹಾರಿಸಿದೆವು. ಒಂದೊಂದರಲ್ಲೂ ಮೂರು ಸಾವಿರ ಗುಂಡಾದ ಮೇಲೆ ಅವಳು ಸ್ಲೈಡುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಸುಣ್ಣದ ಪುಡಿ ಸವರಿದಳು. ನಮ್ಮದು ಬೆಳ್ಳಗೇ ಉಳಿಯಿತು. ಎರಕದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ಬಿರುಕಿನಲ್ಲಿ ಅಡಗಿದ್ದ ಎಣ್ಣೆ ಹೊರಬಂದಿತ್ತು.

"ಇದನ್ನ ಕೊಳ್ಳೋ ಕಾವಲುಗಾರ ವರ್ಷಕ್ಕೆ ಐವತ್ತು ಗುಂಡು ಹೊಡೆದ್ರೆ ಹೆಚ್ಚು," ಎಂದ ರವೆಲ್ಲಿ. "ಮೂರು ಸಾವಿರ ಯಾರು ಹೊಡೀತಾರೆ?"

"ಕಲಿಯೋರು ಹೊಡೀತಾರೆ. ಚೂರು ಸಿಡಿದ್ರೆ ಅವರ ಮುಖಕ್ಕೆ, ನಿಮ್ಮ ಮುಖಕ್ಕಲ್ಲ." ಅವಳು ಯಜಮಾನನ ಕಡೆ ತಿರುಗಿದಳು. "ನಾನು ಇದಕ್ಕೆ ಮುದ್ರೆ ಒತ್ತಲ್ಲ, ಬೋರ್ತೊಲೊ. ಬೇಕಿದ್ರೆ ಬೇರೆಯವರನ್ನ ಇಟ್ಕೊ."

ಬೋರ್ತೊಲೊ ಆ ಗೆರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ಸ್ಲೈಡನ್ನು ಪತ್ರಿಕೆಯಲ್ಲಿ ಸುತ್ತಿ ರವೆಲ್ಲಿಯ ಕೈಗಿಟ್ಟ.

"ಇವಳು ಒತ್ತದ ಮುದ್ರೆ ಇಲ್ಲಿ ಯಾರೂ ಒತ್ತಲ್ಲ, ಸ್ವಾಮಿ."

ಆ ಚಳಿಗಾಲ ವಾರಕ್ಕೆ ನಾಲ್ಕೇ ದಿನ ಕೆಲಸ. ಮೆಕ್ಕೆಜೋಳದ ಗಟ್ಟಿ ಅಂಬಲಿ ಪೊಲೆಂಟಾದ ಜೊತೆ ಮಾಂಸ ಭಾನುವಾರ ಮಾತ್ರ. ಯಾರೂ ಓರ್ಸೊಲಾಳನ್ನು ದೂರಲಿಲ್ಲ. ಮಾರ್ಚಿನಲ್ಲಿ ಬೆರ್ಗಮೊ ಕಡೆಯ ಗುರಿ ಹೊಡೆಯುವವರ ಸಂಘವೊಂದು ಅರವತ್ತು ಪಿಸ್ತೂಲು ಕೇಳಿತು. ಮೊದಲು ಕೊಂಡಿದ್ದ ಅಗ್ಗದವುಗಳಲ್ಲಿ ಎರಡು ಬಿರುಕುಬಿಟ್ಟ ಮೇಲೆ ಅವರಿಗೆ ಚೌಕಾಸಿ ಬೇಡವಾಗಿತ್ತು.

ನಮ್ಮ ಆ ಅರವತ್ತರಲ್ಲೊಂದು ಹೋದ ವರ್ಷ ರಿಪೇರಿಗೆಂದು ನನ್ನ ಮೇಜಿಗೆ ಬಂತು. ನಲವತ್ತು ಸಾವಿರ ಗುಂಡು ಕಂಡಿದೆಯಂತೆ. ಸ್ಪ್ರಿಂಗುಗಳನ್ನಷ್ಟೇ ಬದಲಿಸಿದೆ. ನಿವೃತ್ತಳಾಗಿದ್ದ ಓರ್ಸೊಲಾಳಿಗೆ ಒಯ್ದು ತೋರಿಸಿದೆ. ಕನ್ನಡಕ ಏರಿಸಿ, ಸ್ಲೈಡಿನುದ್ದಕ್ಕೂ ಉಗುರೆಳೆದಳು.

"ಈ ಅಂಚು ಇನ್ನೊಂಚೂರು ಉಜ್ಜಬೇಕಿತ್ತು," ಎಂದಳು.

ಆದರೆ ನಾನು ಕೇಳಿದ ತಕ್ಷಣ ಪಿಸ್ತೂಲನ್ನು ವಾಪಸು ಕೊಡಲಿಲ್ಲ; ಅದರ ಮೇಲಿದ್ದ ತನ್ನ ಮುದ್ರೆಯನ್ನು ಬೆರಳಿಂದ ಸವರುತ್ತ ಕೂತಳು.