ಪಾಸ್ತಾ ಹಾಕು, ಬಂದೆ

"ಪಾಸ್ತಾ ಹಾಕು, ಬಂದೆ" ಎಂದು ಬಸ್ಸಿನಿಂದಿಳಿದ ಗಂಡ ಚಿರೋ ಫೋನ್ ಇಟ್ಟಿದ್ದೇ ತಡ, ನುನ್ಸಿಯಾ ಸ್ಪಗೆಟ್ಟಿಯನ್ನು ನೀರಿಗೆ ಬಿಟ್ಟಳು. ದೊಡ್ಡ ಪಾತ್ರೆ, ಧಾರಾಳ ನೀರು. ಕೊತಕೊತ ಕುದಿ ಬಂದ ಮೇಲೆಯೇ ಕಲ್ಲುಪ್ಪು ಬಿದ್ದಿತ್ತು. ಕಡ್ಡಿಗಳನ್ನು ಮುರಿಯದೆ, ತಾವಾಗಿ ಬಾಗುವವರೆಗೆ ಕಾದು, ಮರದ ಸೌಟಿನಿಂದ ಒಳಕ್ಕೆ ತಳ್ಳಿ ತಿರುವಿದಳು. ಅವನು ನಡೆದು ಬರುವ ಹೊತ್ತಿಗೂ ಅದು ಬೇಯುವ ಹೊತ್ತಿಗೂ ಮದುವೆಯಾದಾಗಿನಿಂದ ಸರಿಹೊಂದಿತ್ತು. ನೇಪಲ್ಸಿನಲ್ಲಿ ಗಂಡನನ್ನು ಬೇಕಾದರೆ ಕಾಯಬಹುದು, ಪಾಸ್ತಾವನ್ನು ಕಾಯಿಸುವಂತಿಲ್ಲ.

ಈಚೆಗೆ ಮಾತ್ರ ಲೆಕ್ಕ ತಪ್ಪಿತ್ತು. ಚಿರೋ ತಡವಾಗಿ ಬಂದು, ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದ. "ಮೆತ್ತಗಾಗಿದೆ ಕಣೇ. ನಿನ್ನ ಕೈಹದ ಹೋಯ್ತು." ನುನ್ಸಿಯಾ ಪಾತ್ರೆ ಬದಲಿಸಿದಳು, ಅಂಗಡಿ ಬದಲಿಸಿದಳು. ಮೊನ್ನೆ ನಾದಿನಿ ಫೋನಿನಲ್ಲಿ, "ವಯಸ್ಸಾಯ್ತಲ್ಲ ಅತ್ತಿಗೆ, ಆಗುತ್ತೆ ಬಿಡಿ" ಎಂದು ಸಮಾಧಾನ ಬೇರೆ ಹೇಳಿದ್ದಳು. ಆ ಸಮಾಧಾನ ಇನ್ನೂ ಗಂಟಲಿನಿಂದ ಇಳಿದಿರಲಿಲ್ಲ.

ಇವತ್ತು ಕಚ್ಚಿ ನೋಡಿದಾಗ ಎಳೆಯ ನಡುವೆ ತುಸುವೇ ಗಟ್ಟಿ ಉಳಿದಿತ್ತು. ಅದೇ ಹದ. ಬಸಿದು, ಟೊಮೇಟೊ ಸಾಸಿಗೆ ಹಾಕಿ, ಬಸಿದ ನೀರನ್ನೇ ಒಂದು ಸೌಟು ಸುರಿದು ಹೊರಳಾಡಿಸಿದಳು. ಬಾಗಿಲು ನೋಡಿದಳು. ಗಂಡನಿಲ್ಲ. ಬಾಲ್ಕನಿಗೆ ಹೋಗಿ ಓಣಿಯುದ್ದಕ್ಕೂ ನೋಡಿದಳು.

"ಗಂಡನ್ನ ಹುಡುಕ್ತಿದೀಯಾ?" ಎದುರು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ತಿತಿನಾ ಕೇಳಿದಳು. "ಆಗ್ಲೇ ಅವರಮ್ಮನ ಮನೆ ಮೆಟ್ಟಿಲು ಹತ್ತಿದ್ನಲ್ಲ! ದಿನಾ ಹತ್ತುತಾನೆ. ಅಲ್ಲೊಂದು ಪಂಕ್ತಿ, ಇಲ್ಲೊಂದು ಪಂಕ್ತಿ. ಎಂಥ ಪುಣ್ಯವಂತ ಹೊಟ್ಟೆನಮ್ಮಾ!"

ಒಲೆ ಆರಿತ್ತು, ಕುದಿ ಶುರುವಾಯಿತು. ನುನ್ಸಿಯಾ ಏಪ್ರನ್ನನ್ನೂ ಬಿಚ್ಚದೆ ಓಣಿಯ ತುದಿಯ ಅತ್ತೆಮನೆಗೆ ನಡೆದಳು.

ಚಿರೋ ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡು ತುಂಬಿದ ತಟ್ಟೆಯ ಮುಂದೆ ಕೂತಿದ್ದ. ಅತ್ತೆ ಕಾರ್ಮೆಲಾ ಎದುರಿಗೆ ಕೂತು ಮಗನ ಬಾಯಿ ಅಲ್ಲಾಡುವುದನ್ನೇ ನೋಡುತ್ತಿದ್ದಳು.

"'ಮೆತ್ತಗಾಗಿದೆ ಕಣೇ... ಕೈಹದ ಹೋಯ್ತು...'" ನುನ್ಸಿಯಾ ಗಂಡನ ಮೂಗುದನಿಯನ್ನು ಯಥಾವತ್ತಾಗಿ ತಂದು ಅವನ ಮುಂದೆಯೇ ಬಡಿಸಿದಳು. "ನೀನಿಲ್ಲಿ ಮುಕ್ಕುತಾ ಕೂತ್ರೆ ಅಲ್ಲಿ ಅದು ಮೆತ್ತಗಾಗದೆ ಗರಿಗರಿ ಆಗುತ್ತಾ? ಪಾತ್ರೆ ಬದಲಾಯಿಸ್ದೆ, ಅಂಗಡಿ ಬದಲಾಯಿಸ್ದೆ. ಬದಲಾಯಿಸ್ಬೇಕಾಗಿದ್ದು ಗಂಡನ್ನ!"

"ಮೆಲ್ಲಗೆ, ನುನ್ಸಿಯಾ..."

"ನೀನು ಮೆಲ್ಲು, ಮೆಲ್ಲಗೆ!"

"ಅವನಿಗ್ಯಾಕೆ ಬೈತೀಯ?" ಅತ್ತೆ ಮೇಜು ಕುಟ್ಟಿದಳು. "ಮನೇಲಿ ಸರಿಯಾಗಿ ಬೇಯಿಸಿ ಹಾಕಿದ್ರೆ ಮಗು ಇಲ್ಲಿಗ್ಯಾಕೆ ಬರುತ್ತೆ?"

ಅರವತ್ತು ಸಮೀಪಿಸಿದ ಮಗು ತಲೆ ತಗ್ಗಿಸಿತು.

"ಸರಿಯಾಗಿ ಬೇಯಿಸೋದು ಅಂದ್ರೆ ಹೇಗೆ, ನೋಡೇಬಿಡ್ತೀನಿ." ಗಂಡನ ಕೈಯಿಂದ ಫೋರ್ಕು ಕಿತ್ತುಕೊಂಡು ನುನ್ಸಿಯಾ ಬಾಯಿಗಿಟ್ಟಳು.

ಹಲ್ಲಿಗೆ ಕೆಲಸವೇ ಇರಲಿಲ್ಲ. ಗಂಜಿ. ಉಪ್ಪು ಒಂದು ಹರಳೂ ಇಲ್ಲ. ಒಲೆಯತ್ತ ನೋಡಿದಳು. ನೀರೆಲ್ಲ ಬಸಿದ ಖಾಲಿ ಪಾತ್ರೆಯ ಕೆಳಗೆ ಗ್ಯಾಸು ಧಗಧಗ ಉರಿಯುತ್ತಿತ್ತು.

"ಚೀಸು ಮರೆತೆ ನೋಡು," ಎಂದು ಅತ್ತೆ ಒಳಗೆ ಹೋದಳು.

ನುನ್ಸಿಯಾ ಗ್ಯಾಸ್ ಆರಿಸಿದಳು. "ಯಾವಾಗಿನಿಂದ?"

"ಈಸ್ಟರ್ ಆದಾಗಿನಿಂದ. ಎಲ್ಲಾ ಮರೀತಾಳೆ. ಬೇಡ ಅಂದ್ರೆ ಅಳ್ತಾಳೆ. ಹೇಳಿದ್ರೆ ನೀನು ಬಂದು ಅಡುಗೆ ಬಿಡಿಸ್ತಿದ್ದೆ. ಆಮೇಲೆ ಅವಳಿಗೆ ಏನಿದೆ?"

"ಹೊಟ್ಟೆ ತುಂಬಿದ್ದನ್ನ ಮುಚ್ಚಿಡೋಕೆ ನನ್ನ ಕೈಹದ ಹೋಯ್ತು ಅಂದ್ಯಾ?" ನುನ್ಸಿಯಾ ತಟ್ಟೆಯತ್ತ ಕೈ ತೋರಿಸಿದಳು. "ಈ ಗಂಜೀನ ತುಟಿ ಬಿಚ್ಚದೆ ತಿಂದು, ನನ್ನ ಅಡುಗೇಲಿ ಕೊಂಕು ತೆಗೀತೀಯಾ? ನಿನ್ನ ತಂಗಿಗೂ ಸಾರಿದ್ಯಲ್ಲ!"

ಚಿರೋ ಉತ್ತರಿಸುವಷ್ಟರಲ್ಲಿ ಅತ್ತೆ ಬಂದಳು. ಸೊಸೆಯ ಮುಖವನ್ನೇ ನೋಡುತ್ತಾ, ಚೀಸನ್ನು ಕೈಯಲ್ಲೇ ಹಿಡಿದು ನಿಂತಳು. "ಹೇಗಿದೆ?"

ಚಿರೋನ ಕಣ್ಣು ಮೇಜಿನಾಚೆಯಿಂದ ಕೈಮುಗಿಯುತ್ತಿತ್ತು. ನುನ್ಸಿಯಾ ಬಾಯಿಗೆ ಬಂದ ಮಾತನ್ನು ನುಂಗಿದಳು.

"ಚೆನ್ನಾಗಿದೆ ಅತ್ತೆ. ಇವನಿಗೆ ಇನ್ನೊಂದಿಷ್ಟು ಹಾಕಿ. ಮನೇಲಿ ಇವತ್ತು ಇವನಿಗೇನೂ ಇಲ್ಲ."

ಅತ್ತೆ ಹಿಗ್ಗಿಹೋಗಿ ಬೋಗುಣಿಯನ್ನೇ ಬಗ್ಗಿಸಿದಳು. ನುನ್ಸಿಯಾ ಫೋರ್ಕನ್ನು ಏಪ್ರನ್ನಿನಿಂದ ಒರೆಸಿ ಗಂಡನ ಕೈಗಿತ್ತು, ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತಳು. ಚಿರೋ ಚುಚ್ಚಿ ಎತ್ತಿದ. ಒಂದು ಎಳೆಯೂ ಬಿಡಿಸಿಕೊಳ್ಳಲಿಲ್ಲ. ತಟ್ಟೆಯಲ್ಲಿದ್ದದ್ದೆಲ್ಲ ಒಂದೇ ಮುದ್ದೆಯಾಗಿ ಮೇಲೆದ್ದು, ಅವನ ಬಾಯಿಯ ಮುಂದೆ ತೂಗಾಡಿತು.