ಸಾಲಿನ್ಸರು ಬಿಟ್ಟ ಮೀನು

ಈಸ್ಟರಿಗೆ ಮುಂಚಿನ ನಲವತ್ತು ದಿನ ತಮಗೆ ಪ್ರಿಯವಾದದ್ದೊಂದನ್ನು ಬಿಡುವುದು ದಾದರಿನ ಆ ಕನ್ನಡ ಚರ್ಚಿನವರ ರೂಢಿ. ಒಬ್ಬರು ಚಹಾ ಬಿಡುತ್ತಾರೆ, ಇನ್ನೊಬ್ಬರು ಸಿನಿಮಾ. ಬಿಟ್ಟದ್ದನ್ನು ಹೇಳಿಕೊಂಡು ತಿರುಗುವುದಿಲ್ಲ. ಎಂಬತ್ತಾರನೆಯ ಇಸವಿಯಲ್ಲಿ ಘಾಟ್ಕೋಪರಿನ ಸಂಜೀವ ಸಾಲಿನ್ಸರು ಮಾತ್ರ ತಾವು ಮೀನು ಬಿಟ್ಟದ್ದನ್ನು ಸಭೆಯ ಮುಂದೆ ಎದ್ದು ನಿಂತು ಸಾರಿದರು. ಉಡುಪಿ ಕಡೆಯ ಮನುಷ್ಯ ಮೀನು ಬಿಡುವುದೆಂದರೆ ಹುಡುಗಾಟವೇ? ಹೆಂಗಸರ ಸಾಲಿನಿಂದ ‘ಅಯ್ಯೋ ಪಾಪ’ ಎಂದು ಕೇಳಿಸಿದಾಗ ಅವರಿಗೆ ಒಂದು ತಟ್ಟೆ ಮೀನು ತಿಂದಷ್ಟೇ ತೃಪ್ತಿಯಾಯಿತು.

ಮನೆಯಲ್ಲಿ ಹೆಂಡತಿ ಮೋಹಿನಿ ಬಡಿಸಿದ ಪಡವಲಕಾಯಿ ಪಲ್ಯದ ಮುಂದೆ ಜೋತುಬೀಳುತ್ತಿದ್ದ ಮುಖ ಭಾನುವಾರ ಚರ್ಚಿನಲ್ಲಿ ಅರಳುತ್ತಿತ್ತು. ಈಸ್ಟರ್ ದಿನ ವ್ರತದ ಅನುಭವದ ಬಗ್ಗೆ ಸಾಕ್ಷಿ ಹೇಳಲು ಪಾದ್ರಿಗಳು ಅವರನ್ನೇ ಕೇಳಿದ್ದರು. ಲೋಕಲ್ ರೈಲಿನಲ್ಲಿ ನೇತಾಡುತ್ತಲೇ ಸಾಲಿನ್ಸರು ಮಾತು ಜೋಡಿಸಿಕೊಂಡಿದ್ದರು: ನಾಲಿಗೆಯ ಸುಖ ಗಂಟಲಿನವರೆಗೆ, ಆತ್ಮದ ಸುಖ ಪರಲೋಕದವರೆಗೆ. ಎಲ್ಲಿ ಮಾತು ತಡೆಯಬೇಕು, ಎಲ್ಲಿ ಕನ್ನಡಕ ತೆಗೆದು ಒರೆಸಬೇಕು ಎಂಬುದೂ ತೀರ್ಮಾನವಾಗಿತ್ತು.

ಹಬ್ಬಕ್ಕೆ ಒಂದು ವಾರ ಇದೆ ಎನ್ನುವಾಗ ಅವರು ಧಾರಾವಿಯ ನೀಲಾವತಿಯಮ್ಮನ ಖೋಲಿಗೆ ಹೊರಟರು. ಸಭೆಯ ಹಿರಿಯರು ಕಾಯಿಲೆಯವರ ಮನೆಗೆ ಇಬ್ಬಿಬ್ಬರಾಗಿ ಹೋಗಿ ಪ್ರಾರ್ಥನೆ ಮಾಡಿ ಬರುವುದು ಪದ್ಧತಿ. ಜೊತೆಗೆ ಗದಗದ ಕಡೆಯ ಚಂದ್ರಾಮ. ಅವನ ಕಿವಿಗೆ ಬಿದ್ದದ್ದು ಊರಿಗೆಲ್ಲ ಡಂಗುರ. ತಮ್ಮ ವ್ರತದ ಕೀರ್ತಿ ಹಬ್ಬಿದ್ದರಲ್ಲಿ ಅವನ ಪಾಲೂ ಇದ್ದುದರಿಂದ ಸಾಲಿನ್ಸರಿಗೆ ಅವನೆಂದರೆ ಬಹಳ ವಿಶ್ವಾಸ.

ನೀಲಾವತಿಯಮ್ಮ ವಿಧವೆ, ಒಂಟಿ. ಕಾಲು ಮುರಿದ ಮೇಲೆ ಚರ್ಚಿಗೆ ಬಂದಿರಲಿಲ್ಲ, ಸಾಲಿನ್ಸರ ಮಹಾತ್ಯಾಗ ಅವರಿಗೆ ಗೊತ್ತೇ ಇರಲಿಲ್ಲ. ಆಮೆನ್ ಅಂದದ್ದೇ ಆಕೆ ಕೋಲೂರಿ ಎದ್ದು ತಟ್ಟೆ ತಂದಿಟ್ಟರು. ಕುಚ್ಚಲಕ್ಕಿ ಅನ್ನ, ಮೇಲೆ ಹುಳಿಖಾರದ ಬಂಗುಡೆ ಸಾರು, ಊರಿನ ಪುಳಿಮುಂಚಿ. ಇವರು ಬರುತ್ತಾರೆಂದು ಪಕ್ಕದ ರುಕ್ಮಿಣಿಬಾಯಿಗೆ ಹೇಳಿ ಬೆಸ್ತರ ಕೇರಿಯಾದ ಕೋಳಿವಾಡದಿಂದ ಮೀನು ತರಿಸಿದ್ದರಂತೆ. ಮೀನು ಮುಟ್ಟದ ಚಂದ್ರಾಮನಿಗೆ ಬಾಳೆಹಣ್ಣು.

“ಯಾವಾಗಲೂ ನೀವು ತರುವುದು, ನಾನು ಕೈ ಚಾಚುವುದು,” ಎಂದರು ಆಕೆ. “ಇವತ್ತು ನಾನು ಬಡಿಸುವುದು. ಬೇಡ ಅನ್ನಬೇಡಿ ಮಾರಾಯ್ರೆ.”

ಚಂದ್ರಾಮನ ಬಾಳೆಹಣ್ಣು ಅರ್ಧ ಸುಲಿದಲ್ಲೇ ನಿಂತಿತು. ‘ನನಗೆ ವ್ರತ’ ಎಂಬ ಮಾತು ಸಾಲಿನ್ಸರ ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಈಸ್ಟರಿನ ಸಾಕ್ಷಿಗೆ ಇನ್ನೊಂದು ಚಂದದ ಪ್ರಸಂಗವೂ ಸಿಗುತ್ತಿತ್ತು. ಆದರೆ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸೌಟು ಹಿಡಿದು ನಿಂತ ಆ ಮುದುಕಿಯನ್ನು ಕಂಡು ಅವರಿಗೆ ನಾಚಿಕೆಯಾಯಿತು. ಇಷ್ಟು ದಿನ ತಾವು ಬಿಟ್ಟದ್ದು ಮೀನು, ತಿಂದದ್ದು ಹೊಗಳಿಕೆ, ಅದೂ ಹೊತ್ತುಹೊತ್ತಿಗೆ.

ಅವರು ಅನ್ನ ಕಲಸಿದರು.

ಆಕೆ ನೀರು ತರಲು ತಿರುಗಿದಾಗ ಚಂದ್ರಾಮ ಪಿಸುಗುಟ್ಟಿದ. “ಸಾಲಿನ್ಸರ, ಈಸ್ಟರಿಗೆ ಏನ್ ಹೇಳ್ತೀರಿ ಮತ್ತ?”

“ನೀನೇ ಹೇಳಪ್ಪ. ಹೇಗೂ ಹೇಳ್ತೀ.”

ವ್ರತ ಮುರಿದದ್ದಕ್ಕೆ ದುಃಖವಾಗಬೇಕಿತ್ತು. ಪುಳಿಮುಂಚಿ ಅಷ್ಟು ಚೆನ್ನಾಗಿದ್ದರೆ ದುಃಖ ಎಲ್ಲಿಂದ ಬಂದೀತು? ಆಕೆಯ ಪ್ರೀತಿಗೆ ಸೋತೆನೋ ಬಂಗುಡೆಗೆ ಸೋತೆನೋ ಎಂದು ಯೋಚಿಸುವಷ್ಟರಲ್ಲಿ ತಟ್ಟೆಯಲ್ಲಿ ಮುಳ್ಳು ಮಾತ್ರ ಉಳಿದಿತ್ತು. ಚಂದ್ರಾಮ ಸುದ್ದಿಯ ಅವಸರದಲ್ಲಿ ಆಗಲೇ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ.

ನೀಲಾವತಿಯಮ್ಮ ಪಾತ್ರೆಯಿಂದ ಇನ್ನೊಂದು ಬಂಗುಡೆ ಎತ್ತಿದರು. ಅದೇ ಕೊನೆಯದು, ಆಕೆಯ ಪಾಲಿನದು. ಸಾಲಿನ್ಸರ ಜೀವವೆಲ್ಲ ಆ ಸೌಟಿನ ಹಿಂದೆಯೇ ಹೋಯಿತು.

“ಹೊಟ್ಟೆ ತುಂಬಿತು ಅಮ್ಮ,” ಎಂದು ಅವರು ಹಸಿ ಸುಳ್ಳು ಹೇಳಿದರು. “ಅದು ನಿಮಗೆ. ನೀವೂ ಕೂತುಕೊಳ್ಳಿ.”

ಆಕೆ ಕೂತು ಉಂಡರು. ಆಕೆ ಕೊನೆಯ ಮುಳ್ಳು ಚೀಪುವವರೆಗೂ ಸಾಲಿನ್ಸರು ಎದುರಿಗೇ ಕೂತು ಎಂಜಲು ನುಂಗುತ್ತ ನೋಡಿದರು. ಆ ವರ್ಷ ಅವರು ನಿಜಕ್ಕೂ ಬಿಟ್ಟ ಮೀನು ಅದೊಂದೇ. ಅದನ್ನು ಅವರು ಯಾರಿಗೂ ಹೇಳಲಿಲ್ಲ.